ಸಹಕಾರ ಸಂಘಗಳ ವಿಲೀನದ ಪ್ರಸ್ತಾವವನ್ನು ಸದಸ್ಯರಿಗೆ ಹೇಗೆ ತಿಳಿಸಬೇಕು?

ಕೊಡಗಿನ ಪೊನ್ನಂಪೇಟೆ ಕಡೆಯ ಎರಡು ಕೃಷಿ ಪತ್ತಿನ ಸಂಘಗಳನ್ನು (ರೈತರಿಗೆ ಸಾಲ ಕೊಡುವ ಸಹಕಾರ ಸಂಘಗಳನ್ನು) ಒಂದು ಮಾಡುವ ಯೋಚನೆಯಿದೆ, ನೇರ ಮಹಾಸಭೆಯಲ್ಲೇ ವಿಷಯ ತೆಗೆದರೆ ಸಾಕೇ ಎಂದು ಕೇಳಿದ್ದೀರಿ. ಸಾಲದು. ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ, 1959ರ ಪ್ರಕಾರ ಹಾಜರಿದ್ದು ಮತ ಹಾಕುವವರಲ್ಲಿ ಮೂರನೇ ಎರಡರಷ್ಟು ಬಹುಮತ ಬೇಕು. ವಿಷಯವನ್ನು ಅಲ್ಲೇ ಮೊದಲ ಸಲ ಕೇಳಿದವರು ಗಾಬರಿಯಲ್ಲೇ ಬೇಡ ಅಂದುಬಿಡುತ್ತಾರೆ.

ಮೊದಲು ಸಿಬ್ಬಂದಿಗೆ ಹೇಳಿ. ಗೊಬ್ಬರ ಒಯ್ಯಲು ಬಂದ ಬೆಳೆಗಾರರು ವಿಚಾರಿಸುವುದು ಕೌಂಟರಿನಲ್ಲಿ ಕೂತ ಗುಮಾಸ್ತರನ್ನೇ. ಅವರಿಗೇ ತಮ್ಮ ಕೆಲಸ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲದಿದ್ದರೆ ಊರೆಲ್ಲ ಗುಸುಗುಸು.

ಸದಸ್ಯರಿಗೆ ಕೊಡುವ ಪತ್ರ ಒಂದೇ ಪುಟದ್ದಿರಲಿ. ಬೆಳೆಸಾಲದ ಬಡ್ಡಿ ಬದಲಾಗುತ್ತದೆಯೇ, ಅಡವಿಟ್ಟ ಒಡವೆ ಎಲ್ಲಿರುತ್ತದೆ, ಠೇವಣಿಗೆ ಯಾರು ಹೊಣೆ, ಗೊಬ್ಬರದ ಗೋದಾಮು ಈ ಊರಲ್ಲೇ ಉಳಿಯುತ್ತದೆಯೇ? ಇಷ್ಟಕ್ಕೆ ನೇರ ಉತ್ತರ ಬರೆಯಿರಿ. ತೀರ್ಮಾನ ಆಗದ್ದನ್ನು 'ಇನ್ನೂ ಆಗಿಲ್ಲ' ಎಂದೇ ಹೇಳಿ. ಒಪ್ಪದ ಸದಸ್ಯರು ವಿಲೀನದ ನೋಟಿಸ್ ತಲುಪಿದ ಒಂದು ತಿಂಗಳೊಳಗೆ ಷೇರು ಹಣ ವಾಪಸ್ ಕೇಳಬಹುದು. ಅದನ್ನು ಖಂಡಿತ ಮುಚ್ಚಿಡಬೇಡಿ.

ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಸಭೆ ಇಡಬೇಡಿ, ತೋಟ ಬಿಟ್ಟು ಬರುವವರು ಕಡಿಮೆ. ಜೂನ್-ಜುಲೈ ಮಳೆಯಲ್ಲಿ ಕರೆಂಟನ್ನೂ ನೆಟ್‌ವರ್ಕನ್ನೂ ನಂಬುವಂತಿಲ್ಲ, ಹಾಗಾಗಿ ವಾಟ್ಸಾಪ್ ಒಂದನ್ನೇ ನೆಚ್ಚಿಕೊಳ್ಳದೆ ಮನೆಗೆ ಕಾಗದವನ್ನೂ ಮುಟ್ಟಿಸಿ.