ಬಲ್ಬು ಬದಲಿಸಿದ್ದು ಸಾಕು, ಬಣ್ಣ ಕೆರೆಯಿರಿ

ಪ್ರಶ್ನೆ: ಕಾಕಾ, ನಮಸ್ಕಾರ. ನಾನು ತೇರದಾಳದವನು. ಬನಹಟ್ಟಿಯಲ್ಲಿ ಪವರ್‌ಲೂಮ್ ಕೆಲಸ. ಎರಡನೇ ಪಾಳಿ ಮುಗಿಸಿ ರಾತ್ರಿ ಸೈಕಲ್ ಮೇಲೆ ಮನೆಗೆ ಬರುತ್ತೇನೆ. ಅಪ್ಪನ ಕಾಲದ ಕರಿ ಸೈಕಲ್ಲು, ಮುಂದಿನ ಫೋರ್ಕಿಗೆ ಡೈನಮೊ. ರಸ್ತೆ ಚೆನ್ನಾಗಿದ್ದರೆ ಲೈಟು ಇರುತ್ತದೆ, ತಗ್ಗು ಬಂದ ಕೂಡಲೇ ಹೋಗುತ್ತದೆ. ಹಿಂದಿನ ಕೆಂಪು ಲೈಟಂತೂ ಹತ್ತಿದರೆ ಹತ್ತಿತು. ಎರಡು ತಿಂಗಳಲ್ಲಿ ಮುಂದಿನ ಬಲ್ಬು ಮೂರು ಸಲ ಸುಟ್ಟಿತು. ಹೊಸ ವೈರನ್ನೂ ಹಾಕಿಸಿದೆ. ಡೈನಮೊನೇ ಹೋಗಿದೆ, ಬೇರೆ ತಗೋ ಅಂತಾರೆ ಅಂಗಡಿಯವರು. ತಗೊಳ್ಳಲಾ?

ಉತ್ತರ: ತಗೋಬೇಡ ತಮ್ಮಾ. ಮೂರು ಬಲ್ಬು ಸುಡುವಷ್ಟು ಕರೆಂಟು ಕೊಡುವ ಡೈನಮೊ ಸತ್ತಿದೆ ಅಂತ ಹೇಗೆ ಹೇಳೋದು? ಅದು ಗಟ್ಟಿಯಾಗಿಯೇ ಇದೆ.

ನಿನ್ನ ಸೈಕಲ್ಲಿನಲ್ಲಿ ಡೈನಮೊದಿಂದ ಲೈಟಿಗೆ ಹೋಗುವ ವೈರು ಒಂದೇ, ಅಲ್ವಾ? ಕರೆಂಟು ಹೋದ ಮೇಲೆ ವಾಪಸ್ ಬರಬೇಕಲ್ಲ. ಆ ಎರಡನೇ ವೈರು ಸೈಕಲ್ಲಿನ ಕಬ್ಬಿಣವೇ. ಲೈಟಿನ ಬಾಡಿಯಿಂದ ಫೋರ್ಕಿಗೆ, ಫೋರ್ಕಿನಿಂದ ಡೈನಮೊದ ಕ್ಲಾಂಪಿಗೆ. ಅಂಗಡಿಯವರು ಕಣ್ಣಿಗೆ ಕಾಣುವ ವೈರನ್ನು ಬದಲಿಸಿದರು. ಕಾಣದ ವೈರು ಹಾಗೇ ಉಳಿಯಿತು.

ನನಗೂ ಇದು ಗೊತ್ತಾಗಿದ್ದು ಪೆಟ್ಟು ತಿಂದ ಮೇಲೆಯೇ. ಹಳೇ ಬಾಗಲಕೋಟೆಯಲ್ಲಿ ಅಂಗಡಿ ಇದ್ದ ಕಾಲ. ಖಂಡೇ ಪೂಜೆಗೆ ಮುಂಚೆ ಒಬ್ಬ ಹಾಲಿನವನ ಸೈಕಲ್ಲನ್ನು ಪೂರ್ತಿ ಬಿಚ್ಚಿ, ಎರಡು ಕೋಟು ಕರಿ ಬಣ್ಣ ಹೊಡೆದು, ಮಿರಿಮಿರಿ ಮಿಂಚಿಸಿ ಕೊಟ್ಟೆ. ಹಬ್ಬದ ಮರುದಿನ ಬೆಳಗಿನ ಜಾವವೇ ಬಂದ. ಲೈಟಿಲ್ಲ. ವೈರು ಬದಲಿಸಿದೆ, ಬಲ್ಬು ಬದಲಿಸಿದೆ, ಡೈನಮೊ ಬಿಚ್ಚಿ ಜೋಡಿಸಿದೆ. ಎರಡು ದಿನ ಹೋಯಿತು. ಕೊನೆಗೆ ಸಿಟ್ಟಿನಲ್ಲಿ ಕ್ಲಾಂಪನ್ನು ತಿರುಗಿಸಿದಾಗ ಅದರ ಅಂಚು ಬಣ್ಣವನ್ನು ಕೆರೆಯಿತು, ಲೈಟು ಬಂತು! ನಾನೇ ಹೊಡೆದ ಬಣ್ಣ ಕರೆಂಟಿಗೆ ಅಡ್ಡ ನಿಂತಿತ್ತು.

ಡೈನಮೊದ ಕ್ಲಾಂಪಿನಲ್ಲಿ ಒಂದು ಸಣ್ಣ ಚೂಪು ತುದಿಯ ಸ್ಕ್ರೂ ಇರುತ್ತದೆ. ಬಹಳ ಜನ ಅದನ್ನು ಹಿಡಿತಕ್ಕೆ ಇಟ್ಟಿದ್ದು ಅಂದುಕೊಳ್ಳುತ್ತಾರೆ. ಅಲ್ಲ. ಬಣ್ಣವನ್ನು ಕೊರೆದು ಒಳಗಿನ ಲೋಹವನ್ನು ಮುಟ್ಟುವುದೇ ಅದರ ಕೆಲಸ. ನಿನ್ನದರಲ್ಲಿ ಅದು ಜಂಗು ಹಿಡಿದಿರಬಹುದು, ಸಡಿಲಾಗಿರಬಹುದು, ಬಿದ್ದೇ ಹೋಗಿರಬಹುದು.

ಮೊದಲು ಒಂದು ಪರೀಕ್ಷೆ ಮಾಡು. ಎರಡೂ ತುದಿ ಸುಲಿದ ಒಂದು ವೈರು ತಗೋ. ಒಂದು ತುದಿಯನ್ನು ಡೈನಮೊದ ಬಾಡಿಗೆ, ಇನ್ನೊಂದನ್ನು ಮುಂದಿನ ಲೈಟಿನ ಬಾಡಿಗೆ ಒತ್ತಿ ಹಿಡಿ. ಮಗನಿಗೋ ತಮ್ಮನಿಗೋ ಮುಂದಿನ ಗಾಲಿ ಎತ್ತಿ ತಿರುಗಿಸಲು ಹೇಳು. ಫೋರ್ಕಿಗೆ ಕೈಯಿಂದ ಬಡಿ. ಬಡಿದರೂ ಲೈಟು ಅಲುಗದಿದ್ದರೆ ತಪ್ಪು ಅರ್ಥಿಂಗಿನದ್ದು, ಅಂದರೆ ಆ ಕಾಣದ ವೈರಿನದ್ದು. ಆಗಲೂ ಮಿಣಮಿಣ ಅಂದರೆ ವೈರಿನ ತುದಿಗಳನ್ನೂ ಬಲ್ಬಿನ ಬುಡವನ್ನೂ ನೋಡು. ಹೋಲ್ಡರಿನ ಒಳಗಿನ ಪಟ್ಟಿ ಹಿಂದಕ್ಕೆ ಬಾಗಿ ಬಲ್ಬಿಗೆ ತಾಗದೇ ಇರುವುದೂ ಜಾಸ್ತಿ. ಚಿಕ್ಕ ಸ್ಕ್ರೂಡ್ರೈವರಿನಿಂದ ಮೇಲಕ್ಕೆ ಎಬ್ಬಿಸಿದರೆ ಸಾಕು.

ಅರ್ಥಿಂಗಿನದ್ದೇ ಆದರೆ ಕ್ಲಾಂಪ್ ಕೂರುವ ಜಾಗದಲ್ಲಿ ಬೆರಳಗಲ ಬಣ್ಣವನ್ನು ಸ್ಯಾಂಡ್‌ಪೇಪರಿನಿಂದ ಉಜ್ಜು. ಬೆಳ್ಳಗೆ ಲೋಹ ಕಾಣಬೇಕು. ಲೈಟಿನ ಬ್ರಾಕೆಟ್ ಕೂರುವಲ್ಲಿಯೂ ಅಷ್ಟೇ. ಚೂಪು ಸ್ಕ್ರೂ ಬಿಗಿ ಮಾಡಿ, ಮೇಲೆ ಸ್ವಲ್ಪ ಗ್ರೀಸ್ ಸವರು, ಇಲ್ಲದಿದ್ದರೆ ಒಂದೇ ಮಳೆಗಾಲಕ್ಕೆ ಮತ್ತೆ ಜಂಗು.

ಹಿಂದಿನ ಲೈಟಿನ ಕಥೆ ಬೇರೆ. ನಿನ್ನ ಡೈನಮೊ ಮುಂದಿದೆ, ಕೆಂಪು ಲೈಟು ಹಿಂದಿದೆ. ಅದರ ಕರೆಂಟು ವಾಪಸ್ ಬರಬೇಕಾದರೆ ಹ್ಯಾಂಡಲ್ ಬುಡದ ಬೇರಿಂಗ್ ಬಾಲ್‌ಗಳನ್ನು ದಾಟಬೇಕು. ಅಲ್ಲಿ ಗ್ರೀಸ್ ತುಂಬಿರುತ್ತದೆ. ಹ್ಯಾಂಡಲ್ ಒಂದಿಷ್ಟು ತಿರುಗಿದರೆ ಹತ್ತುತ್ತದೆ, ಇನ್ನೊಂದಿಷ್ಟು ತಿರುಗಿದರೆ ಆರುತ್ತದೆ. ಮಡ್‌ಗಾರ್ಡ್ ಪ್ಲಾಸ್ಟಿಕ್ಕಿನದಾದರೆ ಮುಗಿದೇ ಹೋಯಿತು. ಇದಕ್ಕೆ ಕೆರೆಯುವುದು ಬೇಡ, ಸೀದಾ ಜೋಡಿ ವೈರು ಎಳೆ. ಒಂದು ಎಳೆಯನ್ನು ಡೈನಮೊದ ಟರ್ಮಿನಲ್ಲಿನಿಂದ ಬಲ್ಬಿಗೆ, ಇನ್ನೊಂದನ್ನು ಕ್ಲಾಂಪಿನ ಬೋಲ್ಟಿನಿಂದ ಲೈಟಿನ ಬಾಡಿಗೆ. ಎರಡನ್ನೂ ಅದಲುಬದಲು ಮಾಡಬೇಡ. ಮಾಡಿದರೆ ಶಾರ್ಟ್. ಹೊಗೆಗಿಗೆ ಏನೂ ಬರಲ್ಲ, ಸುಮ್ನೆ ಎರಡೂ ಲೈಟು ಕತ್ತಲೆ.

ಈಗ ಸುಟ್ಟ ಬಲ್ಬುಗಳ ಲೆಕ್ಕ. ಡೈನಮೊ 6 ವೋಲ್ಟು, 3 ವ್ಯಾಟಿನದು. ಮುಂದಿನ ಬಲ್ಬು 2.4 ವ್ಯಾಟು, ಹಿಂದಿನದು 0.6 ವ್ಯಾಟು. ಗಾಲಿ ಜೋರಾಗಿ ತಿರುಗುವಾಗ ಡೈನಮೊ ಹೆಚ್ಚುಕಡಿಮೆ ಅರ್ಧ ಆಂಪಿಯರ್ ದೂಡುತ್ತಲೇ ಇರುತ್ತದೆ. ಹಿಂದಿನ ಲೈಟು ಕೈಕೊಟ್ಟಾಗ ಅದರ ಪಾಲನ್ನೂ ಮುಂದಿನ ಬಲ್ಬೇ ಹೊರಬೇಕು. ಇಳಿಜಾರಿನಲ್ಲಿ ಜೋರಾಗಿ ಬಂದೆ ಅನ್ನು, ಪಟ್ ಅಂತ ಹೋಗುತ್ತದೆ. ಹಿಂದಿನದನ್ನು ಸರಿಮಾಡು, ಮುಂದಿನದು ಬಾಳುತ್ತದೆ. ಬಲ್ಬು ಕೊಳ್ಳುವಾಗ ಅದರ ಕುತ್ತಿಗೆ ಮೇಲಿನ ಅಂಕಿ ಓದು. ಟಾರ್ಚಿನ ಬಲ್ಬನ್ನೂ ಅದೇ ಡಬ್ಬಿಯಲ್ಲಿ ಇಟ್ಟಿರುತ್ತಾರೆ.

ವೈರನ್ನು ತಿರುಚಿ ಟೇಪು ಸುತ್ತುವ ಕೆಲಸ ನಮ್ಮ ಕಡೆ ನಡೆಯಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟಿದರೆ ಟೇಪಿನ ಅಂಟು ಬೆಲ್ಲದ ಪಾಕದ ಹಾಗೆ ಜಾರುತ್ತದೆ, ಅದಕ್ಕೆ ಎರಿ ಮಣ್ಣಿನ ಧೂಳು ಮೆತ್ತುತ್ತದೆ. ಸೋಲ್ಡರ್ ಒಳ್ಳೆಯದು ಅಂತ ನೀನು ಅನ್ನಬಹುದು. ಆದರೆ ಸೋಲ್ಡರ್ ಹಿಡಿದ ಭಾಗ ಕಡ್ಡಿಯಂತಾಗುತ್ತದೆ, ಅದು ಮುಗಿಯುವ ಅಂಚಿನಲ್ಲೇ ಎಳೆಗಳು ಅಲುಗಾಡಿ ಕಡಿಯುತ್ತವೆ. ಮೇಲೆ ಪ್ಲಾಸ್ಟಿಕ್ ಚೆನ್ನಾಗಿಯೇ ಕಾಣುತ್ತದೆ, ಒಳಗೆ ತಾಮ್ರ ತುಂಡು! ಹಾಗಾಗಿ ಥಿಂಬಲ್ (ವೈರಿನ ತುದಿಗೆ ಕೂರಿಸುವ ಸಣ್ಣ ಲೋಹದ ತುಂಡು) ಹಾಕಿ ಒತ್ತಿಸು, ಮೇಲೆ ಬಿಸಿಗೆ ಕುಗ್ಗುವ ಸ್ಲೀವು ಏರಿಸು. ಸ್ಲೀವನ್ನು ಜೋಡಿಸುವ ಮೊದಲೇ ವೈರಿಗೆ ತೂರಿಸಿಕೊಂಡಿರಬೇಕು. ಇದನ್ನು ನಾನು ಈ ವಯಸ್ಸಿನಲ್ಲೂ ಮರೆಯುತ್ತೇನೆ. ಜೋಡಣೆಯಿಂದ ಎರಡು ಇಂಚು ದೂರದಲ್ಲಿ ವೈರನ್ನು ಫೋರ್ಕಿಗೆ ಕಟ್ಟು, ಕುಲುಕಾಟ ಅಲ್ಲೇ ನಿಲ್ಲಲಿ. ಹ್ಯಾಂಡಲ್ ಹತ್ತಿರ ಮಾತ್ರ ಒಂದು ಸಡಿಲ ಸುರುಳಿ ಬಿಡು.

ಮಳೆಯಲ್ಲಿ ಮಾತ್ರ ಲೈಟು ಮಂದವಾದರೆ ವೈರನ್ನು ಬೈಯಬೇಡ. ಒದ್ದೆ ಟೈರಿನ ಮೇಲೆ ಡೈನಮೊದ ತಲೆ ಜಾರುತ್ತಿರುತ್ತದೆ.

ಒಂದು ಮಾತು. ಕಬ್ಬಿನ ಸೀಜನ್ನಿನಲ್ಲಿ ನಿನ್ನ ದಾರಿಯಲ್ಲಿ ಟ್ರ್ಯಾಕ್ಟರ್ ಟ್ರೇಲರುಗಳು ಸಾಲಾಗಿ ಬರುತ್ತವೆ. ನಿಂತರೆ ಡೈನಮೊ ಲೈಟೂ ಆರುತ್ತದೆ. ಹಿಂದಿನ ಮಡ್‌ಗಾರ್ಡಿಗೆ ಒಂದು ಕೆಂಪು ರಿಫ್ಲೆಕ್ಟರ್ ಇವತ್ತೇ ಹಾಕಿಸು. ವೈರಿಂಗ್ ಭಾನುವಾರ ಮಾಡಿದರೂ ನಡೆಯುತ್ತದೆ.

ಪ್ರಶ್ನೆ: ಸರ್, ನಾನು ವಿಜಯಪುರದಲ್ಲಿ ಶಿಕ್ಷಕಿ. ಶಾಲೆಗೆ ಸೈಕಲ್ಲಿನಲ್ಲೇ ಹೋಗುತ್ತೇನೆ. ನನ್ನ ಸೈಕಲ್ಲಿಗೆ ಹಬ್ ಡೈನಮೊ ಇದೆ, ಅಂದರೆ ಗಾಲಿಯ ನಟ್ಟನಡುವೆ ಅಚ್ಚಿನ ಸುತ್ತಲೇ ಕೂತಿರುವ ಡೈನಮೊ. ಪಂಕ್ಚರ್ ಹಾಕಿಸಿ ಬಂದಾಗಲೆಲ್ಲ ಲೈಟು ಕೆಡುತ್ತದೆ. ಏಕೆ?

ಉತ್ತರ: ಗಾಲಿ ಬಿಚ್ಚುವಾಗ ಪಂಕ್ಚರಿನವನು ವೈರು ಹಿಡಿದು ಎಳೆಯುತ್ತಾನೆ ಮೇಡಂ, ಅದಕ್ಕೆ. ಅವನ ತಪ್ಪೂ ಅಲ್ಲ. ಹಬ್ ಡೈನಮೊ ಹಳೆಯ ವಸ್ತುವೇ, ಇಂಗ್ಲೆಂಡಿನ ಸ್ಟರ್ಮಿ-ಆರ್ಚರ್ ಕಂಪನಿ 1936ರಲ್ಲೇ ಮಾರಿದ್ದು. ಆದರೆ ನಮ್ಮ ಊರುಗಳಲ್ಲಿ ಕಾಣುವುದು ಅಪರೂಪ. ಬಿಚ್ಚುವ ಮೊದಲು ನೀವೇ ಥಿಂಬಲ್ಲಿನ ಲೋಹ ಹಿಡಿದು ಕಳಚಿ. ಸಡಿಲಾಗಿದ್ದರೆ ಇಕ್ಕಳದಿಂದ ಎರಡೂ ಅಂಚನ್ನು ಚೂರೇ ಚೂರು ಒತ್ತಿ, ತಳ್ಳಿದರೆ ಬಿಗಿಯಾಗಿ ಕೂರಬೇಕು. ಹೊಸದು ತರುವುದಾದರೆ ಅಗಲ ಅಳೆದುಕೊಂಡು ಹೋಗಿ. ಚಪ್ಪಟೆ ಥಿಂಬಲ್ಲುಗಳು 2.8, 4.8, 6.3 ಮಿಲಿಮೀಟರ್ ಅಗಲದಲ್ಲಿ ಸಿಗುತ್ತವೆ. ಬೈಕ್ ವೈರಿಂಗಿನವರ ಹತ್ತಿರ ಜಾಸ್ತಿ ಇರುವುದು 6.3ರದ್ದು, ಡೈನಮೊದ ಚಿಕ್ಕ ಲೋಹದ ಕಾಲಿಗೆ ಅದು ಅಪ್ಪನ ಚಪ್ಪಲಿಯಂತೆ ಲೊಳಲೊಳ. ಯಾವ ವೈರು ಯಾವ ಕಡೆ ಅಂತ ಬಿಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಡಿ. ಗಾಲಿ ಹಾಕಿದ ಮೇಲೆ ಅಂಗಡಿಯ ಮುಂದೆಯೇ ಒಮ್ಮೆ ಕೈಯಿಂದ ತಿರುಗಿಸಿ, ಲೈಟು ಬಂದರೆ ದುಡ್ಡು ಕೊಡಿ.