ಕಾನೂನು ಸಲಹೆ: ಹೊರಗುತ್ತಿಗೆ ಕರಾರಿಗೆ ಸಹಿ ಹಾಕುವ ಮುನ್ನ

ಪ್ರಶ್ನೆ: ನಾನು ಮೈಸೂರಿನಲ್ಲಿ ಎಂಟು ಜನರ ಸಾಫ್ಟ್‌ವೇರ್ ಸಂಸ್ಥೆ ನಡೆಸುತ್ತಿದ್ದೇನೆ. ಉದ್ಯಮ್ ನೋಂದಣಿ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಸರ್ಕಾರಿ ನೋಂದಣಿ) ಮೊದಲೇ ಆಗಿದೆ. ಬೆಂಗಳೂರಿನ ಕಂಪನಿಯೊಂದು ತನ್ನ ಜರ್ಮನ್ ಗ್ರಾಹಕರ ಗೋದಾಮು ನಿರ್ವಹಣಾ ತಂತ್ರಾಂಶದ ಒಂದು ಭಾಗವನ್ನು ನಮಗೆ ಹೊರಗುತ್ತಿಗೆ ಕೊಡಲು ಮುಂದಾಗಿದೆ. ಕೋಡ್ ಬರೆದ ಕ್ಷಣದಿಂದಲೇ ಎಲ್ಲ ಹಕ್ಕು ಕಂಪನಿಯದು, ಜರ್ಮನಿಯಿಂದ ಹಣ ಬಂದ 90 ದಿನಗಳೊಳಗೆ ಪಾವತಿ, ವಿವಾದವಾದರೆ ಸಿಂಗಪುರದಲ್ಲಿ ಆರ್ಬಿಟ್ರೇಷನ್ (ನ್ಯಾಯಾಲಯದ ಬದಲು ಮಧ್ಯಸ್ಥಗಾರರಿಂದ ತೀರ್ಮಾನ) ಎಂದು ಕರಡಿನಲ್ಲಿದೆ. ಸ್ವಲ್ಪ ಕೆಲಸವನ್ನು ಫ್ರೀಲ್ಯಾನ್ಸರ್ ಒಬ್ಬರಿಂದ ಮಾಡಿಸುವ ಯೋಚನೆಯೂ ಇದೆ. ಸಹಿ ಹಾಕಬಹುದೇ?
– ಓದುಗರೊಬ್ಬರು, ಮೈಸೂರು

ಉತ್ತರ: ಈಗಿರುವ ರೂಪದಲ್ಲಿ ದಯವಿಟ್ಟು ಸಹಿ ಹಾಕಬೇಡಿ.

ಮೊದಲು ಕೋಡ್‌ನ ಒಡೆತನವನ್ನು ನೋಡೋಣ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿಯೇ. ನಿಮ್ಮ ನೌಕರರು ಕೆಲಸದ ಭಾಗವಾಗಿ ಬರೆದದ್ದಕ್ಕೆ, ಬೇರೆ ಒಪ್ಪಂದವಿಲ್ಲದಿದ್ದರೆ, ನಿಮ್ಮ ಸಂಸ್ಥೆಯೇ ಮೊದಲ ಒಡೆಯ. ಫ್ರೀಲ್ಯಾನ್ಸರ್ ನಿಮ್ಮ ನೌಕರರಲ್ಲ. ಪೂರ್ತಿ ಸಂಭಾವನೆ ಕೊಟ್ಟಿದ್ದರೂ ಅವರು ಸಹಿ ಮಾಡಿದ ಲಿಖಿತ ಹಸ್ತಾಂತರ ಪತ್ರವಿಲ್ಲದಿದ್ದರೆ ಆ ಭಾಗದ ಕೃತಿಸ್ವಾಮ್ಯ ಅವರಲ್ಲಿಯೇ ಉಳಿಯುತ್ತದೆ. ಹಾಗಿರುವಾಗ ‘ಎಲ್ಲ ಹಕ್ಕು ನಮ್ಮದೇ, ಅದನ್ನು ನಿಮಗೆ ವರ್ಗಾಯಿಸಿದ್ದೇವೆ’ ಎಂದು ಕಂಪನಿಗೆ ಬರೆದುಕೊಟ್ಟರೆ, ನಿಮ್ಮದಲ್ಲದ್ದನ್ನು ಕೊಟ್ಟಂತಾಗಿ ಮೊದಲ ದಿನವೇ ಕರಾರು ಮುರಿದವರು ನೀವಾಗುತ್ತೀರಿ. ಫ್ರೀಲ್ಯಾನ್ಸರ್ ಸಹಿ ಮಾಡುವ ಹಸ್ತಾಂತರ ಪತ್ರದಲ್ಲಿ ಹಕ್ಕಿನ ಅವಧಿ ಮತ್ತು ಪ್ರದೇಶ ಎರಡನ್ನೂ ಬರೆಸಿಕೊಳ್ಳಿ. ಅವಧಿ ನಮೂದಿಸದಿದ್ದರೆ ಕಾನೂನು ಅದನ್ನು 5 ವರ್ಷವೆಂದೂ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಸೀಮಿತವೆಂದೂ ಭಾವಿಸುತ್ತದೆ. ನಿಮ್ಮ ತಂತ್ರಾಂಶ ಓಡಬೇಕಾಗಿರುವುದು ಜರ್ಮನಿಯಲ್ಲಿ.

ಮುಂದೆ ಬರೆಯಲಿರುವ ಕೋಡ್‌ನ ಹಕ್ಕನ್ನು ಈಗಲೇ ವರ್ಗಾಯಿಸಲು ಕಾನೂನಿನ ಅಡ್ಡಿಯಿಲ್ಲ, ಆದ್ದರಿಂದ ಕಂಪನಿಯ ಷರತ್ತು ಅಸಿಂಧುವಲ್ಲ. ಆದರೆ ಸಣ್ಣ ಸಂಸ್ಥೆಯ ಕೈಯಲ್ಲಿರುವ ಒಂದೇ ಹಿಡಿತ ಕೋಡ್. ಹಣ ಬರುವ ಮೊದಲೇ ಅದನ್ನು ಬಿಟ್ಟುಕೊಡುವುದನ್ನು ನಾನು ಒಪ್ಪುವುದಿಲ್ಲ. ‘ಆಯಾ ಹಂತದ ಬಿಲ್ ಪೂರ್ತಿ ಪಾವತಿಯಾದಾಗ ಆ ಹಂತದ ಕೋಡ್‌ನ ಹಕ್ಕು ವರ್ಗವಾಗುತ್ತದೆ’ ಎಂಬ ವಾಕ್ಯಕ್ಕೆ ಪಟ್ಟು ಹಿಡಿಯಿರಿ. ನೀವು ಹಿಂದೆಯೇ ಬರೆದಿಟ್ಟು ಎಲ್ಲ ಗ್ರಾಹಕರಿಗೂ ಬಳಸುವ ಲೈಬ್ರರಿಗಳಿದ್ದರೆ (ಸಿದ್ಧ ಕೋಡ್ ಸಂಗ್ರಹಗಳು) ಅವುಗಳಿಗೆ ಪರವಾನಗಿ ಮಾತ್ರ ಕೊಡಿ.

ಪಾವತಿಯ ವಿಷಯದಲ್ಲಿ ಕಾನೂನು ನಿಮ್ಮ ಕಡೆಗಿದೆ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಅಭಿವೃದ್ಧಿ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ, ಕರಾರಿನಲ್ಲಿ ಏನೇ ಇದ್ದರೂ, ಕೆಲಸ ಸ್ವೀಕೃತವಾದ 45 ದಿನಗಳೊಳಗೆ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ‘ಬ್ಯಾಂಕ್ ದರ’ ಎಂಬ ಬಡ್ಡಿದರದ ಮೂರು ಪಟ್ಟು ದರದಲ್ಲಿ, ತಿಂಗಳಿಗೊಮ್ಮೆ ಲೆಕ್ಕ ಹಾಕುವ ಚಕ್ರಬಡ್ಡಿ ಸೇರುತ್ತದೆ. ಒಪ್ಪಿಸಿದ 15 ದಿನಗಳೊಳಗೆ ಲಿಖಿತ ಆಕ್ಷೇಪ ಬಾರದಿದ್ದರೆ ಒಪ್ಪಿಸಿದ ದಿನವೇ ಸ್ವೀಕೃತಿಯ ದಿನ. ಹಾಗಾಗಿ ಕೋಡ್‌ನ ಪ್ರತಿ ಕಂತನ್ನೂ ದಿನಾಂಕ ಸಹಿತ ಇಮೇಲ್‌ನಲ್ಲೇ ಕಳುಹಿಸಿ, ಫೋನಿನಲ್ಲಿ ಬಂದ ಆಕ್ಷೇಪವನ್ನು ಬರವಣಿಗೆಯಲ್ಲಿ ಕೊಡುವಂತೆ ಅಂದೇ ಕೇಳಿ.

ನಷ್ಟಪರಿಹಾರದ ಹೊಣೆಗೆ ಮಿತಿಯೇ ಇಲ್ಲದಿದ್ದರೆ, ಒಂದು ವರ್ಷದಲ್ಲಿ ನಿಮಗೆ ಸಂದಾಯವಾದ ಶುಲ್ಕಕ್ಕೆ ಅದನ್ನು ಮಿತಿಗೊಳಿಸುವಂತೆ ಕೇಳಿ.

ಎರಡೂ ಕಡೆಯವರು ಭಾರತೀಯರಾದ್ದರಿಂದ ಸಿಂಗಪುರದ ಷರತ್ತು ನಿಲ್ಲುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಭಾರತೀಯ ಕಂಪನಿಗಳೆರಡು ವಿದೇಶದ ಸ್ಥಳವನ್ನು ಆರಿಸಿಕೊಳ್ಳಬಹುದೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. ಬಾಕಿ ಹಣದ ಮಟ್ಟಿಗೆ ಮಾತ್ರ, ಆರ್ಬಿಟ್ರೇಷನ್ ಷರತ್ತಿದ್ದರೂ ಎಂಎಸ್‌ಎಂಇ ಕಾಯ್ದೆಯಡಿ ಬಾಕಿ ಪಾವತಿಯ ವಿವಾದ ಬಗೆಹರಿಸುವ ಸೌಲಭ್ಯ ಮಂಡಳಿಗೆ ನಮ್ಮ ರಾಜ್ಯದಲ್ಲೇ ಅರ್ಜಿ ಹಾಕಬಹುದು. ಆರ್ಬಿಟ್ರೇಷನ್ ಷರತ್ತಿಗಿಂತ ಆ ಕಾಯ್ದೆಯೇ ಮೇಲುಗೈ ಎಂಬುದು ಸುಪ್ರೀಂ ಕೋರ್ಟಿನ 2022ರ ತೀರ್ಪು. ಕೋಡ್‌ನ ಒಡೆತನ ಅಥವಾ ಗುಣಮಟ್ಟದ ಬಗ್ಗೆ ಕಂಪನಿಯೇ ನಿಮ್ಮ ಮೇಲೆ ತಕರಾರು ತೆಗೆದರೆ ಆ ದಾರಿ ನೆರವಿಗೆ ಬರುತ್ತದೆಂದು ನೆಚ್ಚಿಕೊಳ್ಳಲಾಗದು. ಸಿಂಗಪುರದ ವಕೀಲರ ಶುಲ್ಕವನ್ನು ಎಂಟು ಜನರ ಸಂಸ್ಥೆ ಭರಿಸಲಾರದು. ಆದ್ದರಿಂದ ಆರ್ಬಿಟ್ರೇಷನ್ ಬೆಂಗಳೂರಿನಲ್ಲಿ, ಭಾರತದ ಕಾನೂನಿನಂತೆ ನಡೆಯಬೇಕೆಂದು ಬದಲಿಸಿ ಕೊಡಲು ಈಗಲೇ ಪತ್ರ ಬರೆಯಿರಿ.