ಮಂಡಿಯ ಬಾಕಿಯೂ ಯಾಕೋಬನ ತಾಳ್ಮೆಯೂ

ಕೋಲಾರ ತಾಲ್ಲೂಕಿನ ಟೊಮೆಟೊ ಬೆಳೆಗಾರರೊಬ್ಬರು ಬರೆದ ಪತ್ರದ ಸಾರಾಂಶ ಇದು: 'ನಮ್ಮ ಕ್ರೈಸ್ತ ಸಭೆಯವರೇ ಆದ ಒಬ್ಬರ ಮಂಡಿಗೆ ಕಳೆದ ಬೆಳೆಯ ಮಾಲು ಹಾಕಿದೆ. ಅರ್ಧ ಹಣ ಬಂತು. ಉಳಿದ ಅರ್ಧಕ್ಕೆ ಮುಂದಿನ ವಾರ ಬಾ ಎನ್ನುತ್ತಲೇ ಇದ್ದಾರೆ. ಸಭಾ ಹಿರಿಯರಲ್ಲಿ ಹೇಳಿಕೊಂಡರೆ, ತಾಳ್ಮೆಯಿಂದಿರು, ಸಹೋದರನ ಮೇಲೆ ವ್ಯಾಜ್ಯಕ್ಕೆ ಹೋಗಬಾರದೆಂದು ಅಪೊಸ್ತಲ ಪೌಲನೇ ಬರೆದಿದ್ದಾನೆ ಎಂದರು. ಬಾಕಿ ಕೇಳುವುದು ಅವಿಶ್ವಾಸವೇ? ಒಂದು ಭಾನುವಾರ ಆರಾಧನೆಯ ನಡುವೆಯೇ ಎದ್ದು ನಿಂತು ಎಲ್ಲವನ್ನೂ ಹೇಳಿಬಿಡೋಣ ಅನ್ನಿಸಿತ್ತು. ಅವರ ಪಕ್ಕದಲ್ಲಿ ಕುಳಿತು ಕರ್ತನ ಭೋಜನದಲ್ಲಿ ಪಾಲುಗೊಳ್ಳಬಹುದೇ?'

ಸಂಪಾದಕರ ಉತ್ತರ:

ನಿಮ್ಮ ಹಿರಿಯರು ಹೇಳಿದ್ದರಲ್ಲಿ ಸತ್ಯವಿದೆ. ಬೈಬಲಿನಲ್ಲಿ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 6ನೆಯ ಅಧ್ಯಾಯದಲ್ಲಿ, ನ್ಯಾಯಾಲಯ ಹತ್ತುವುದಕ್ಕಿಂತ ಅನ್ಯಾಯವನ್ನು ಸಹಿಸಿಕೊಳ್ಳುವುದು ಮೇಲಲ್ಲವೇ ಎಂದು ಪೌಲನು ಕೇಳುತ್ತಾನೆ. ಆ ಮಾತನ್ನು ಹಗುರ ಮಾಡಲು ನನಗೆ ಅಧಿಕಾರವಿಲ್ಲ. ಆದರೆ ಅದಕ್ಕೂ ಎರಡು ವಚನ ಹಿಂದೆ, ಸಹೋದರರ ನಡುವಿನ ವ್ಯವಹಾರವನ್ನು ತೀರಿಸಬಲ್ಲ ಜ್ಞಾನಿ ನಿಮ್ಮಲ್ಲಿ ಒಬ್ಬನೂ ಇಲ್ಲವೇ ಎಂದು ಅವನು ಇಡೀ ಸಭೆಯನ್ನು ನಾಚಿಸುತ್ತಾನೆ. ಸಹಿಸಿಕೊಳ್ಳುವ ಮಾತಿನ ಮರುವಚನದಲ್ಲೇ, ನೀವೇ ಸಹೋದರರಿಗೆ ಮೋಸ ಮಾಡುತ್ತೀರಲ್ಲಾ ಎಂದು ಹಣ ಹಿಡಿದಿಟ್ಟವರ ಕಡೆಗೆ ತಿರುಗುತ್ತಾನೆ. ಹಾಗಾದರೆ ಈ ಅಧ್ಯಾಯದ ಬಹುಪಾಲು ಭಾರ ಬೀಳುವುದು ನಿಮ್ಮ ಮೇಲಲ್ಲ, ಪಂಚಾಯಿತಿ ಮಾಡಬೇಕಾಗಿದ್ದ ಹಿರಿಯರ ಮೇಲೆ ಮತ್ತು ಬಾಕಿ ಉಳಿಸಿಕೊಂಡ ಮಂಡಿಯವರ ಮೇಲೆ. ನಡುವಿನ ಒಂದು ವಚನವನ್ನು ಕಿತ್ತು ನಿಮ್ಮ ಕೈಗಿಟ್ಟು, ಉಳಿದದ್ದನ್ನು ತಮ್ಮ ಜೇಬಿನಲ್ಲೇ ಇಟ್ಟುಕೊಂಡವರನ್ನು ಜ್ಞಾನಿಗಳೆನ್ನಲು ನನ್ನಿಂದಾಗದು.

ತಾಳ್ಮೆಯ ಮಾತು ಬಂದಾಗ ಎಲ್ಲರೂ ಯಾಕೋಬನ ಪತ್ರಿಕೆಯ 5ನೆಯ ಅಧ್ಯಾಯದ ವ್ಯವಸಾಯಗಾರನನ್ನು ತೋರಿಸುತ್ತಾರೆ. ಆ ರೈತ ಮುಂಗಾರು ಹಿಂಗಾರುಗಳಿಗಾಗಿ ಕಾಯುತ್ತಾನೆ; ಅವನ ಪಲೆಸ್ತೀನದಲ್ಲಿ ಮೊದಲ ಮಳೆ ಅಕ್ಟೋಬರ್, ನವೆಂಬರ್‌ನಲ್ಲೂ ಕಡೆಯ ಮಳೆ ಮಾರ್ಚ್, ಏಪ್ರಿಲ್‌ನಲ್ಲೂ ಬೀಳುತ್ತದೆ. ಸಾವಿರ ಅಡಿ ಕೊರೆಸಿದರೂ ಕೊಳವೆಬಾವಿಯಲ್ಲಿ ನೀರು ಕಾಣದೆ ಆಕಾಶ ನೋಡಿದ ಕೋಲಾರದವರಿಗೆ ಆ ಕಾಯುವಿಕೆಯನ್ನು ಯಾರೂ ವಿವರಿಸಬೇಕಾಗಿಲ್ಲ. ಮಳೆಗೆ ಕಾಯುವ ರೈತ ಕೈಕಟ್ಟಿ ಕೂರುವುದಿಲ್ಲವೆಂಬುದೂ ನಿಮಗೆ ಗೊತ್ತು: ರಾಗಿ ಹೊಲಕ್ಕೆ ಕುಂಟೆ ಹೊಡೆಯುತ್ತಾನೆ, ಕಳೆ ತೆಗೆಯುತ್ತಾನೆ, ಬದು ಕಟ್ಟುತ್ತಾನೆ. ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಆ ರೈತ ಬರುವುದು 7ನೆಯ ವಚನದಲ್ಲಿ. 4ನೆಯ ವಚನದಲ್ಲಿ, ಪೈರು ಕೊಯ್ದವರಿಗೆ ಕೊಡದೆ ಹಿಡಿದ ಕೂಲಿ ಕೂಗಿಕೊಳ್ಳುತ್ತಿದೆ, ಆ ಕೂಗು ಸೇನಾಧೀಶ್ವರನಾದ ಕರ್ತನ ಕಿವಿಗೆ ಮುಟ್ಟಿದೆ ಎಂದಿದೆ. ಹಣ ಹಿಡಿದಿಟ್ಟ ಧನಿಕನನ್ನು ಗದರಿಸಿದ ಮೇಲಷ್ಟೇ ಯಾಕೋಬನು ನೊಂದವನಿಗೆ ತಾಳ್ಮೆ ಹೇಳುತ್ತಾನೆ. ನಮ್ಮ ಪ್ರಸಂಗಪೀಠಗಳಲ್ಲಿ 7ನೆಯ ವಚನ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. 4ನೆಯದರ ಮೇಲೆ ಪೂರ್ತಿ ಪ್ರಸಂಗ ಕೇಳಿದ ನೆನಪು ನನಗಿಲ್ಲ.

2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿತಲ್ಲ, ಅದಾದ ಕೆಲಕಾಲಕ್ಕೆ ಕೆ.ಜಿ.ಎಫ್.ನ ಮನೆಯೊಂದರ ಪ್ರಾರ್ಥನಾ ಕೂಟದಲ್ಲಿ ನಾನು ಕುಳಿತಿದ್ದೆ. ಹೊರಗಿನಿಂದ ಬಂದಿದ್ದ ಬೋಧಕರು, ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ತಾಳ್ಮೆಯ ಬಗ್ಗೆ ಬಹಳ ಹೊತ್ತು ಮಾತನಾಡಿದರು. ಕೊನೆಗೆ, ಗಂಡನನ್ನೂ ಮಗನನ್ನೂ ಗಣಿಯ ದುಡಿಮೆಗೆ ಕಳುಹಿಸಿದ್ದ ವೃದ್ಧೆಯೊಬ್ಬರು ತಮಿಳು ಬೆರೆತ ಕನ್ನಡದಲ್ಲಿ, 'ಯೋಬ ಸುಮ್ಮನಿದ್ದನಾ ಅಯ್ಯಾ?' ಎಂದು ಕೇಳಿದರು. ಬೋಧಕರು ಉತ್ತರಿಸದೆ ಕೀರ್ತನೆಗೆ ಹೋದರು. ಯೋಬನು ಸುಮ್ಮನಿರಲಿಲ್ಲ. 3ನೆಯ ಅಧ್ಯಾಯದಲ್ಲಿ ತಾನು ಹುಟ್ಟಿದ ದಿನವನ್ನೇ ಶಪಿಸುತ್ತಾನೆ, ಆಮೇಲೆ ಅಧ್ಯಾಯದ ಮೇಲೆ ಅಧ್ಯಾಯ ದೇವರೊಂದಿಗೆ ವಾದಿಸುತ್ತಾನೆ. ಕಡೆಗೆ 42ನೆಯ ಅಧ್ಯಾಯದಲ್ಲಿ ದೇವರು, ಯೋಬನು ನನ್ನ ವಿಷಯದಲ್ಲಿ ಸರಿಯಾಗಿ ಮಾತನಾಡಿದನು, ಅವನ ಸ್ನೇಹಿತರು ಮಾತನಾಡಲಿಲ್ಲ ಎಂದು ತೀರ್ಪು ಕೊಡುತ್ತಾನೆ. ಸುಮ್ಮನಿರೆಂದು ಬುದ್ಧಿ ಹೇಳಲು ಬಂದವರೇ ಅಲ್ಲಿ ಸೋತವರು.

ತಾಳ್ಮೆಯ ಪ್ರಸಂಗ ನಮ್ಮಲ್ಲಿ ಯಾರ ಪಾಲಿಗೆ ಬರುತ್ತದೆ ನೋಡಿ. ಸೊಸೆಗೆ ಬರುತ್ತದೆ, ಸಂಬಳ ತಡವಾದ ಆಯಾಗೆ ಬರುತ್ತದೆ, ನಿಮ್ಮಂಥ ಬೆಳೆಗಾರರಿಗೆ ಬರುತ್ತದೆ. ಅದೇ ಸಭೆಯ ಆಸ್ತಿಯ ತಗಾದೆಯೋ ಕಮಿಟಿ ಚುನಾವಣೆಯೋ ಎದುರಾದರೆ ವಕಾಲತ್ತಿಗೆ ಸಹಿ ಬೀಳಲು ಒಂದು ವಾರವೂ ಬೇಡ. ಕೊರಿಂಥದವರಿಗೆ ಬರೆದ ಪತ್ರಿಕೆಯ 6ನೆಯ ಅಧ್ಯಾಯ ಆಗ ಯಾರಿಗೂ ನೆನಪಾಗುವುದಿಲ್ಲ. ಮೇಲಿನಿಂದ ಬರುವ ಜ್ಞಾನವು ಮೊದಲು ಪರಿಶುದ್ಧವಾದದ್ದು, ಆಮೇಲೆ ಸಮಾಧಾನಕರವಾದದ್ದು ಎಂದು ಯಾಕೋಬನು 3ನೆಯ ಅಧ್ಯಾಯದಲ್ಲಿ ಕ್ರಮವಿಟ್ಟು ಹೇಳಿದ್ದಾನೆ. ನಾವು ಆ ಕ್ರಮವನ್ನು ತಿರುವುಮುರುವು ಮಾಡಿದ್ದೇವೆ. ಲೆಕ್ಕ ಶುದ್ಧವಾಗುವ ಮುಂಚೆಯೇ ಸಮಾಧಾನ ಬೇಕು ಎನ್ನುತ್ತೇವೆ. ಅದು ನನ್ನನ್ನು ಬಹುಕಾಲದಿಂದ ನೋಯಿಸುತ್ತಿರುವ ಸಂಗತಿ.

ಇನ್ನು ನಿಮಗೂ ಒಂದು ಮಾತು ಹೇಳಬೇಕು. ಆರಾಧನೆಯಲ್ಲಿ ಎದ್ದು ಕೂಗದೆ ಉಳಿದದ್ದು ಒಳ್ಳೆಯದಾಯಿತು. ಸಭೆಯ ವಾಟ್ಸಾಪ್ ಗುಂಪಿನಲ್ಲೂ ಬರೆಯಬೇಡಿ. ಹಳೆಯ ಒಡಂಬಡಿಕೆಯ ಅಬೀಗೈಲಳನ್ನು ನೆನೆಯಿರಿ. ಆಕೆಯ ಗಂಡ ಆಹಾರ ಕೊಡದೆ ಅವಮಾನಿಸಿದ್ದಕ್ಕೆ ಸಿಟ್ಟಾಗಿ ದಾವೀದನು 400 ಜನರೊಂದಿಗೆ ಕತ್ತಿ ಕಟ್ಟಿಕೊಂಡು ಬರುತ್ತಿದ್ದಾಗ ಆಕೆ ಒಂದು ಗಳಿಗೆಯೂ ತಡಮಾಡದೆ ಕತ್ತೆಗಳ ಮೇಲೆ ಆಹಾರ ಹೇರಿಸಿಕೊಂಡು ಎದುರು ಹೋದಳು; ಮನೆಗೆ ಮರಳಿ, ಔತಣದಲ್ಲಿ ಕುಡಿದು ಮೈಮರೆತಿದ್ದ ಗಂಡ ನಾಬಾಲನಿಗೆ ಮಾತ್ರ ಬೆಳಗಾಗುವವರೆಗೆ ಏನನ್ನೂ ಹೇಳಲಿಲ್ಲ. ಎಲ್ಲಿ ಓಡಬೇಕು, ಎಲ್ಲಿ ಬೆಳಗಿನವರೆಗೆ ಕಾಯಬೇಕು ಎಂಬುದು ಒಂದೇ ದಿನದಲ್ಲಿ ಆಕೆಗೆ ತಿಳಿದಿತ್ತು. ಅಂಥ ತಿಳಿವಳಿಕೆಯನ್ನು ಬೇಡಿದರೆ ದೇವರು ಹಂಗಿಸದೆ ಕೊಡುತ್ತಾನೆಂದು ಯಾಕೋಬನ ಮೊದಲ ಅಧ್ಯಾಯವೇ ಭರವಸೆ ಕೊಡುತ್ತದೆ, ಬೇಡಿಕೊಳ್ಳಿ.

ಆಮೇಲೆ ಮಂಡಿಯ ಚೀಟಿಗಳನ್ನೆಲ್ಲ ಜೋಡಿಸಿಕೊಂಡು, ಹರಾಜಿನ ಗದ್ದಲ ಮುಗಿದ ಹೊತ್ತಿನಲ್ಲಿ ಒಬ್ಬರೇ ಹೋಗಿ, ದನಿ ಏರಿಸದೆ, ಇಂಥ ತಾರೀಕಿಗೆ ಕೊಡಿ ಎಂದು ಕೇಳಿ. ಕೊಡದಿದ್ದರೆ, ಮತ್ತಾಯನ 18ನೆಯ ಅಧ್ಯಾಯ ಹೇಳುವಂತೆ, ಇನ್ನಿಬ್ಬರನ್ನು ಕರೆದುಕೊಂಡು ಹೋಗಿ. ಆ ಇಬ್ಬರು ನಿಮ್ಮ ಹಿರಿಯರೇ ಆಗಿರಲಿ. ಹೋಗುವ ಮುನ್ನ ಅವರು ಜ್ಞಾನೋಕ್ತಿಗಳ 3ನೆಯ ಅಧ್ಯಾಯದ 28ನೆಯ ವಚನವನ್ನು ಓದಿಕೊಳ್ಳಲಿ: ಕೊಡತಕ್ಕದ್ದು ಕೈಯಲ್ಲಿರುವಾಗ ನೆರೆಯವನಿಗೆ, ಹೋಗಿ ನಾಳೆ ಬಾ ಎನ್ನಬೇಡ ಎಂದಿದೆ.

ಕರ್ತನ ಭೋಜನಕ್ಕೆ ಧಾರಾಳವಾಗಿ ಹೋಗಿ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಸಹೋದರನ ಸಂಗಡ ಒಂದಾಗು ಎಂದು ಮತ್ತಾಯನ 5ನೆಯ ಅಧ್ಯಾಯದಲ್ಲಿ ಯೇಸು ಹೇಳಿದ್ದು, ಯಾರ ಮೇಲೆ ಸಹೋದರನ ದೂರು ಇದೆಯೋ ಅವನಿಗೆ. ನಿಮ್ಮ ಸಾಲಿನಿಂದ ಎದ್ದು ಹೋಗಬೇಕಾದವರು ನೀವಲ್ಲ.